ಸ್ವಮೋಹ ಯಾರ ಸೊತ್ತು?

(ಸಂಘದ ಕುಟುಂಬ ಸಮ್ಮೇಳನದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವರು ನಾಡಿನ ಹಿರಿಮೆಯನ್ನೂ ನುಡಿಯ ಸೊಗಸನ್ನೂ ಕುರಿತು ಮಾತಾಡುವುದು ವಾಡಿಕೆ. ಆ ವಾಡಿಕೆಯನ್ನು ನಾವು ಈ ಸಂಜೆ ಸ್ವಲ್ಪ ಮುರಿಯುತ್ತಿದ್ದೇವೆ. "ಈ ಸಲ ಮನೆಗೆ ಒಯ್ಯಬಹುದಾದ ವಿಷಯ ಬೇಕು" ಎಂದು ಕಾರ್ಯದರ್ಶಿಗಳು ಅಪ್ಪಣೆ ಕೊಟ್ಟರು. ಮಹಿಳಾ ವಿಭಾಗದವರು ವಿಷಯವನ್ನೂ ತಾವೇ ಸೂಚಿಸಿದರು. ತನ್ನನ್ನು ತಾನೇ ಮೆಚ್ಚಿಕೊಂಡು, ಲೋಕವೆಲ್ಲ ತನ್ನ ಸುತ್ತಲೇ ತಿರುಗಬೇಕೆಂದು ಬಯಸುವ ಸ್ವಭಾವ ಯಾರಲ್ಲಿ ಹೆಚ್ಚು? ಗಂಡಸರಲ್ಲೋ ಹೆಂಗಸರಲ್ಲೋ? ಎಳೆಯರಲ್ಲೋ ಹಿರಿಯರಲ್ಲೋ? ಇದು ಅವರ ಪ್ರಶ್ನೆ. ಕೇಳುವಾಗ ಅವರ ಮುಖದಲ್ಲಿದ್ದ ನಗೆಯನ್ನು ನೋಡಿದರೆ ಉತ್ತರ ಅವರಿಗೆ ಮೊದಲೇ ಗೊತ್ತಿದ್ದಿತೆಂದು ಅನುಮಾನವಾಗುತ್ತದೆ.

ಆದರೆ ಇದು ಬರಿಯ ಹರಟೆಯ ಪ್ರಶ್ನೆಯಲ್ಲ. ಈಚಿನ ವರ್ಷಗಳಲ್ಲಿ 'ನಾರ್ಸಿಸಿಸ್ಟ್' ಎಂಬ ಇಂಗ್ಲಿಷ್ ಶಬ್ದ ನಮ್ಮ ಮನೆಗಳೊಳಕ್ಕೆ ಬಂದು ಕುಳಿತಿದೆ. ಕಾಲೇಜಿಗೆ ಹೋಗುವ ಮಗಳು ತಂದೆಯನ್ನು ಹಾಗೆನ್ನುತ್ತಾಳೆ. ಸೊಸೆ ಅತ್ತೆಯನ್ನು ಹಾಗೆನ್ನುತ್ತಾಳೆ. ಅತ್ತೆಗೆ ಆ ಶಬ್ದ ಬಾರದಿದ್ದರೂ "ಅವಳಿಗೆ ಕನ್ನಡಿ ಬಿಟ್ಟರೆ ಬೇರೆ ದೇವರಿಲ್ಲ" ಎಂದು ಅದೇ ಅರ್ಥವನ್ನು ಅಚ್ಚಗನ್ನಡದಲ್ಲಿ ಹೇಳಿಬಿಡುತ್ತಾರೆ. ಒಂದು ಕೋಣೆ, ಒಂದು ಅಡುಗೆಮನೆ, ಒಂದು ಬಚ್ಚಲಿನಲ್ಲಿ ಐದಾರು ಮಂದಿ ಹೊಂದಿಕೊಂಡು ಬಾಳಬೇಕಾದ ಈ ಮುಂಬಯಿಯಲ್ಲಿ ಇಂಥ ಹಣೆಪಟ್ಟಿ ಯಾರ ಹಣೆಗಾದರೂ ಒಮ್ಮೆ ಅಂಟಿತೆಂದರೆ ಸುಲಭವಾಗಿ ಕಿತ್ತುಬರುವುದಿಲ್ಲ. ಅಂಟಿಸುವುದಕ್ಕೆ ಮೊದಲು ಅದೇನೆಂದು ತಿಳಿದುಕೊಳ್ಳುವುದು ಒಳ್ಳೆಯದು.

ಶಬ್ದದ ಮೂಲ ಒಂದು ಕಥೆ. ರೋಮಿನ ಕವಿ ಓವಿಡ್ ಎರಡು ಸಾವಿರ ವರ್ಷಗಳ ಹಿಂದೆ ಬರೆದ 'ಮೆಟಮಾರ್ಫೊಸಿಸ್' ಎಂಬ ಕಾವ್ಯದ ಮೂರನೆಯ ಭಾಗದಲ್ಲಿ ಅದು ಬರುತ್ತದೆ. ನಾರ್ಸಿಸಸ್ ಎಂಬವನೊಬ್ಬ ಚೆಲುವ. ಒಲಿದು ಬಂದವರನ್ನೆಲ್ಲ ತಾತ್ಸಾರದಿಂದ ತಳ್ಳಿದವ. ಎಕೋ ಎಂಬ ವನದೇವತೆ ಅವನಿಗಾಗಿ ಕೊರಗಿ ಕೊರಗಿ ದೇಹವೇ ಕರಗಿ, ಅವರಿವರ ಕೊನೆಯ ಮಾತನ್ನು ಮರುನುಡಿಯುವ ಬರಿಯ ದನಿಯಾಗಿ ಉಳಿದಳು. ಕೊನೆಗೆ ಆತ ಕೊಳದ ನೀರಿನಲ್ಲಿ ತನ್ನದೇ ಬಿಂಬವನ್ನು ಕಂಡು, ಅದು ತಾನೆಂದು ಅರಿಯದೆ ಮೋಹಗೊಂಡು, ಅಲ್ಲಿಂದ ಕದಲಲಾರದೆ ಸೊರಗಿ ಸತ್ತ. ಮಹಿಳಾ ವಿಭಾಗದವರ ಪ್ರಶ್ನೆಗೆ ಈ ಕಥೆಯಲ್ಲಿ ಒಂದು ಉತ್ತರ ಆಗಲೇ ಇದೆ, ನೋಡಿ. ನೀರಿಗೆ ಬಗ್ಗಿದವನು ಗಂಡು. ಅವನ ವಯಸ್ಸನ್ನೂ ಕವಿ ಲೆಕ್ಕಹಾಕಿ ಹೇಳಿದ್ದಾನೆ: 16.

ನಮ್ಮ ಕಡೆ ಕನ್ನಡಿ ಹಿಡಿದವಳು ಮಾತ್ರ ಹೆಣ್ಣು. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಹೋದವರೆಲ್ಲ ದರ್ಪಣಸುಂದರಿಯನ್ನು ಕತ್ತೆತ್ತಿ ನೋಡಿಯೇ ಬಂದಿರುತ್ತಾರೆ. ಆ ಶಿಲ್ಪದಲ್ಲಿ ಶಿಲ್ಪಿ ದೋಷವನ್ನೇನೂ ಕಾಣಲಿಲ್ಲ, ಚೆಲುವನ್ನು ಕಂಡ. ದೋಷ ಹುಡುಕಿದವರು ಆಮೇಲಿನ ನಾವು. ಹೆಣ್ಣು ಕನ್ನಡಿಯ ಮುಂದೆ ಹತ್ತು ನಿಮಿಷ ನಿಂತರೆ ಸೊಕ್ಕು. ಗಂಡು ಮೀಸೆ ತಿರುವಿಕೊಂಡು ಅರ್ಧ ಗಂಟೆ ನಿಂತರೆ ಠೀವಿ. ಹೀಗೆ ನಾವು ಒಂದು ಲೆಕ್ಕ ಬರೆದಿಟ್ಟುಕೊಂಡಿದ್ದೇವೆ. ಆ ಲೆಕ್ಕ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಮುಂದೆ ನೋಡೋಣ.

ಕನ್ನಡದಲ್ಲಿ ಇದಕ್ಕೆ 'ಆತ್ಮರತಿ' ಎಂಬ ಮಾತು ಬಳಕೆಯಲ್ಲಿದೆ. ನಮಗೆ ಅದು ಅಷ್ಟಾಗಿ ಒಪ್ಪುವುದಿಲ್ಲ. ಭಗವದ್ಗೀತೆಯ ಮೂರನೆಯ ಅಧ್ಯಾಯದಲ್ಲಿ ಅದೇ ಪದ ಜ್ಞಾನಿಯ ಲಕ್ಷಣವಾಗಿ ಬರುತ್ತದೆ. ತನ್ನೊಳಗಿನ ಆತ್ಮದಲ್ಲಿಯೇ ಸಂತೋಷ ಕಂಡು ಹೊರಗಿನ ಯಾವುದನ್ನೂ ಬಯಸದವನು ಎಂದು ಅಲ್ಲಿನ ಅರ್ಥ. ನಾವು ಮಾತಾಡುತ್ತಿರುವ ಮನುಷ್ಯ ಅದಕ್ಕೆ ತೀರ ವಿರುದ್ಧ. ಹೊರಗಿನವರ ಹೊಗಳಿಕೆ ಒಂದು ದಿನ ತಪ್ಪಿದರೆ ಅವನಿಗೆ ಊಟ ರುಚಿಸದು. ಆದುದರಿಂದ ಸದ್ಯಕ್ಕೆ 'ಸ್ವಮೋಹ' ಎನ್ನೋಣ.

ಈ ಕಥೆಯನ್ನು ಶಾಸ್ತ್ರಕ್ಕೆ ತಂದವರಲ್ಲಿ ಮೊದಲಿಗರು 1898ರಲ್ಲಿ ಇಂಗ್ಲೆಂಡಿನ ಹ್ಯಾವ್‌ಲಾಕ್ ಎಲ್ಲಿಸ್, 1899ರಲ್ಲಿ ಜರ್ಮನಿಯ ಪಾಲ್ ನೆಕೆ. 1914ರಲ್ಲಿ ಫ್ರಾಯ್ಡ್ ಇದರ ಮೇಲೆ ಒಂದು ಪ್ರಬಂಧವನ್ನೇ ಬರೆದ. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗನಿರ್ಣಯ ಗ್ರಂಥದ ಮೂರನೆಯ ಆವೃತ್ತಿಯಲ್ಲಿ ಇದರ ವಿಕೋಪದ ರೂಪವನ್ನು ವ್ಯಕ್ತಿತ್ವದೋಷಗಳ ಸಾಲಿಗೆ ಸೇರಿಸಿತು. ಕನ್ನಡದ ಓದುಗರಿಗೆ ಮನಸ್ಸಿನ ಇಂಥ ಸಂಗತಿಗಳನ್ನು ತಿಳಿಯಾದ ಮಾತಿನಲ್ಲಿ ಹೇಳಿದವರೆಂದರೆ 'ಕೊರವಂಜಿ'ಯ ರಾಶಿಯವರು, ಅಂದರೆ ಡಾಕ್ಟರ್ ಎಂ. ಶಿವರಾಂ ಅವರು; 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು ಅವರ 'ಮನಮಂಥನ'ಕ್ಕೆ. ನಗಿಸುವವರೇ ಮನಸ್ಸನ್ನೂ ಬಲ್ಲರು ಎಂಬುದಕ್ಕೆ ಅದೊಂದು ಸಾಕ್ಷಿ.

ರೋಗ ಬೇರೆ, ಸ್ವಭಾವ ಬೇರೆ. ಈ ಒಂದು ಭೇದವನ್ನು ತಾವು ಮರೆಯಬಾರದು. ಸ್ವಭಾವವಾಗಿ ಸ್ವಮೋಹ ಸಾರಿನ ಉಪ್ಪಿನ ಹಾಗೆ. ಎಲ್ಲರಲ್ಲೂ ಇದೆ, ಒಬ್ಬರಲ್ಲಿ ಚಿಟಿಕೆ, ಇನ್ನೊಬ್ಬರಲ್ಲಿ ಹಿಡಿ. ಊರಿಗೆ ಹೋದಾಗ "ಮುಂಬಯಿಯವರು ಬಂದರು" ಎಂದು ಯಾರಾದರೂ ಅಂದರೆ ನಮ್ಮ ಕತ್ತು ಎರಡಂಗುಲ ಉದ್ದವಾಗುವುದಿಲ್ಲವೇ? ಅಷ್ಟು ಇದ್ದರೆ ಚಿಂತೆಯಿಲ್ಲ. ಹೇಳಿಕೊಳ್ಳುವುದಕ್ಕೆ ಏನೂ ಇಲ್ಲದವನು ಬದುಕುವುದೂ ಕಷ್ಟವೇ.

ಇನ್ನು, ಇದರಲ್ಲಿ ಎರಡು ಬಗೆಯುಂಟು. ಒಂದು ಎದ್ದು ಮೆರೆಯುವ ಬಗೆ. ಅದು ಸಭೆಯಲ್ಲಿ ಮೊದಲ ಸಾಲಿನಲ್ಲಿ ಕುಳಿತಿರುತ್ತದೆ, ಎಲ್ಲರಿಗೂ ಕಾಣುತ್ತದೆ. ಇನ್ನೊಂದು ಒಳಗೇ ಮುದುಡಿ ನೋಯುವ ಬಗೆ. ತನ್ನ ಯೋಗ್ಯತೆಯನ್ನು ಲೋಕ ಗುರುತಿಸಲಿಲ್ಲವೆಂದು ಸದಾ ಕೊರಗುವುದು, ಆಮಂತ್ರಣಪತ್ರಿಕೆಯಲ್ಲಿ ಹೆಸರು ಮೂರನೆಯದಾಗಿ ಬಂತೆಂದು ಮೂರು ವರ್ಷ ಮಾತು ಬಿಡುವುದು. ಎರಡನೆಯದನ್ನು ನಾವು ಪಾಪದವರೆಂದೋ ಸೂಕ್ಷ್ಮ ಸ್ವಭಾವದವರೆಂದೋ ಕರೆದು ಬಿಟ್ಟುಬಿಡುತ್ತೇವೆ.

ಸ್ವಭಾವವನ್ನು ಅಳೆಯುವುದು ಹೇಗೆಂದು ತಾವು ಕೇಳಬಹುದು. 1979ರಲ್ಲಿ ಅಮೆರಿಕದ ರಾಸ್ಕಿನ್ ಮತ್ತು ಹಾಲ್ ಎಂಬವರು ಒಂದು ಪ್ರಶ್ನಾವಳಿ ಮಾಡಿದರು. 1988ರಲ್ಲಿ ಅದು 40 ಜೋಡಿಗಳ ರೂಪಕ್ಕೆ ಬಂತು. ಒಂದೊಂದು ಜೋಡಿಯಲ್ಲಿ ಎರಡು ವಾಕ್ಯ, ಒಂದರಲ್ಲಿ ತನ್ನ ಹೆಚ್ಚುಗಾರಿಕೆ, ಇನ್ನೊಂದರಲ್ಲಿ ಸಾಧಾರಣತನ. ತನಗೆ ಒಪ್ಪುವುದನ್ನು ಗುರುತು ಮಾಡಬೇಕು. ಇದರಲ್ಲಿ ಒಂದು ತೊಡಕಿದೆ. "ನಮ್ಮದೇನಿದೆ, ಎಲ್ಲ ತಮ್ಮ ಆಶೀರ್ವಾದ" ಎನ್ನುವುದನ್ನು ಬಾಲ್ಯದಿಂದಲೇ ಕಲಿತ ನಮ್ಮವರ ಕೈಗೆ ಆ ಕಾಗದ ಕೊಟ್ಟರೆ ಏನಾದೀತು! ಬೆನ್ನು ಬಗ್ಗಿಸಿ ಹಾಗೆಂದವರು ಹಾರ ಹಾಕುವುದು ಎರಡು ನಿಮಿಷ ತಡವಾದರೆ ಮುಖ ಹೇಗಾಗುತ್ತದೆಂಬುದನ್ನು ಸಂಘಸಂಸ್ಥೆಗಳಲ್ಲಿ ದುಡಿದವರೆಲ್ಲ ಬಲ್ಲರು. ಆದರೂ ಸಾವಿರಾರು ಜನರಿಗೆ ಒಂದೇ ಪ್ರಶ್ನೆ ಕೇಳಿದಾಗ ಒಬ್ಬೊಬ್ಬರ ನಟನೆಯನ್ನು ಮೀರಿ ಏನೋ ಒಂದು ಸತ್ಯ ತೇಲಿಬರುತ್ತದೆ.

ಈಗ ಗಂಡು ಹೆಣ್ಣಿನ ವಿಚಾರ. ಎಮಿಲಿ ಗ್ರಿಹಾಲ್ವ ಎಂಬ ವಿದುಷಿಯೂ ಅವರ ಸಂಗಡಿಗರೂ ಮೂರು ದಶಕಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ, ಸುಮಾರು 4,75,000 ಜನರ ಉತ್ತರಗಳನ್ನು ತೂಗಿ ನೋಡಿ, 2015ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆ ಲೆಕ್ಕದಲ್ಲಿ ಸೇರಿದವರು ಬಹುಮಟ್ಟಿಗೆ ಪಾಶ್ಚಾತ್ಯರೆಂಬುದನ್ನು ನೆನಪಿನಲ್ಲಿಡೋಣ. ಒಟ್ಟಿನಲ್ಲಿ ಗಂಡಸರ ಅಂಕ ಹೆಚ್ಚು. ಮಹಿಳಾ ವಿಭಾಗದವರು ಚಪ್ಪಾಳೆ ತಟ್ಟಬೇಕಾಗಿಲ್ಲ. ಹೆಚ್ಚೆಂದರೆ ಎಷ್ಟು ಹೆಚ್ಚು ಎಂಬುದನ್ನೂ ಕೇಳಬೇಕು. ಗುಂಪಿನಿಂದ ಒಬ್ಬ ಗಂಡಸನ್ನೂ ಒಬ್ಬ ಹೆಂಗಸನ್ನೂ ಕಣ್ಣುಮುಚ್ಚಿ ಆರಿಸಿ ಎದುರುಬದುರು ನಿಲ್ಲಿಸಿದರೆ, ನೂರು ಸಲದಲ್ಲಿ ಸುಮಾರು 57 ಸಲ ಗಂಡಸಿನ ಅಂಕ ಮುಂದು. ಉಳಿದ 43 ಸಲ ಹೆಂಗಸಿನದು. ಇಷ್ಟೇ ವ್ಯತ್ಯಾಸ. ಗಂಡು ಎಂದ ಮಾತ್ರಕ್ಕೆ ಯಾರನ್ನೂ ದೂರುವುದಕ್ಕೆ ಇದು ಸಾಲದು.

ಆದರೆ ಅದೇ ಲೆಕ್ಕವನ್ನು ಬಿಡಿಸಿ ನೋಡಿದಾಗ ಕಂಡ ಸಂಗತಿ ನಮಗೆ ಬಹಳ ಮುಖ್ಯವೆಂದು ತೋರುತ್ತದೆ. ಮೆರೆಯುವ ಸ್ವಮೋಹದಲ್ಲಿ ಮೂರು ಎಳೆಗಳಿವೆ. ಒಂದು ಪ್ರದರ್ಶನ, ತನ್ನ ರೂಪವನ್ನು, ಹೆಚ್ಚುಗಾರಿಕೆಯನ್ನು ತೋರಿಸಿಕೊಳ್ಳುವುದು. ಎರಡನೆಯದು ಯಜಮಾನಿಕೆಯ ಹಂಬಲ. ಮೂರನೆಯದು "ಇದು ನನಗೆ ಸಲ್ಲತಕ್ಕದ್ದು" ಎಂಬ ಭಾವ. ಆ ಭಾವದ ಬಲದಿಂದ ಇನ್ನೊಬ್ಬರನ್ನು ತನ್ನ ಕೆಲಸಕ್ಕೆ ಬಳಸಿಕೊಳ್ಳುವುದು. ಕನ್ನಡಿ, ಅಲಂಕಾರ, ಫೋಟೋ ಇವೆಲ್ಲ ಸೇರುವುದು ಮೊದಲನೆಯದಕ್ಕೆ. ಅದರಲ್ಲಿ ಗಂಡಿಗೂ ಹೆಣ್ಣಿಗೂ ಲೆಕ್ಕಕ್ಕೆ ಬರುವಷ್ಟು ವ್ಯತ್ಯಾಸವೇ ಇಲ್ಲ! ಒಳಗೊಳಗೆ ನೋಯುವ ಬಗೆಯಲ್ಲೂ ಹಾಗೆಯೇ, ಇಬ್ಬರೂ ಸಮ. ಯಜಮಾನಿಕೆಯಲ್ಲಿ ಗಂಡು ಮುಂದು. "ನನಗೆ ಸಲ್ಲತಕ್ಕದ್ದು" ಎಂಬುದರಲ್ಲಿ ಇನ್ನೂ ಮುಂದು. ಅಂದರೆ ಇಷ್ಟು ಕಾಲ ನಾವು ಕನ್ನಡಿಯ ಮುಂದೆ ಹುಡುಕುತ್ತಿದ್ದ ಕಳ್ಳ ಬೇರೆ ಕೋಣೆಯಲ್ಲಿದ್ದಾನೆ.

ಆ ಕೋಣೆ ಯಾವುದೆಂದು ನಮ್ಮ ನಮ್ಮ ಮನೆಗಳಲ್ಲೇ ನೋಡೋಣ. ಬಿಸಿ ದೋಸೆ ಮೊದಲು ಯಾರ ತಟ್ಟೆಗೆ ಬೀಳುತ್ತದೆ? ತಿಂದ ತಟ್ಟೆಯನ್ನು ಯಾರು ಎತ್ತುತ್ತಾರೆ, ಯಾರು ಹಾಗೆಯೇ ಬಿಟ್ಟು ಕೈತೊಳೆಯಲು ಏಳುತ್ತಾರೆ? ಪರೀಕ್ಷೆ ಇಬ್ಬರಿಗೂ ಇರುವಾಗ ಹಾಲಿನ ಪೊಟ್ಟಣ ತರುವುದಕ್ಕೆ ಕೆಳಗಿಳಿಯುವವರು ಅಕ್ಕನೋ ತಮ್ಮನೋ? "ಅವನಿಗೆ ಓದಲಿಕ್ಕಿದೆ" ಎಂಬ ಮಾತು ಎಷ್ಟು ಸಲ ಕೇಳಿಬರುತ್ತದೆ, "ಅವಳಿಗೆ ಓದಲಿಕ್ಕಿದೆ" ಎಂಬುದು ಎಷ್ಟು ಸಲ? ಇದನ್ನು ಗಂಡುಮಗು ಹೊಟ್ಟೆಯಲ್ಲಿ ಕಲಿತು ಬಂದದ್ದಲ್ಲ. ಮೇಲೆ ಹೇಳಿದ ಸಂಶೋಧಕರೂ ಹೀಗೆಯೇ ಊಹಿಸುತ್ತಾರೆ: ಹುಡುಗ ಅಧಿಕಾರದಿಂದ ಕೇಳಿದರೆ ಗಟ್ಟಿಗನೆಂದು ಹೊಗಳಿ, ಹುಡುಗಿ ಹಾಗೆಯೇ ಕೇಳಿದರೆ ಬಾಯಿಬಡುಕಿಯೆಂದು ಗದರಿಸುವ ಸಮಾಜದಲ್ಲಿ ಇಬ್ಬರೂ ತಮ್ಮ ತಮ್ಮ ಪಾಠವನ್ನು ಬೇಗ ಕಲಿಯುತ್ತಾರೆ. ಪಾಠ ಹೇಳಿಕೊಡುವವರಲ್ಲಿ ತಾಯಂದಿರೂ ಅಜ್ಜಿಯಂದಿರೂ ಉಂಟು. ಈ ವಿಷಯದಲ್ಲಿ ಗಂಡಸರನ್ನು ಮಾತ್ರ ಕಟಕಟೆಗೆ ಹತ್ತಿಸಿದರೆ ನ್ಯಾಯವಾಗಲಾರದು.

ಮನೆಯಿಂದ ಹೊರಗೆ ಬಂದರೆ ನಮ್ಮ ಲೋಕಲ್ ರೈಲು ಇದೆ. ಮೂವರ ಬೆಂಚಿನ ಮೇಲೆ ನಾಲ್ಕನೆಯವನಿಗೆ ಅರ್ಧ ಗೇಣು ಜಾಗ ಬಿಡುವುದು ಈ ನಗರದ ಅಲಿಖಿತ ಕಾನೂನು. ಯಾರ ಜೇಬಿನಲ್ಲೂ ಅದರ ಪ್ರತಿಯಿಲ್ಲ, ಆದರೂ ಹೊಸದಾಗಿ ಬಂದವನು ವಾರದೊಳಗೆ ಕಲಿಯುತ್ತಾನೆ. ಎಲ್ಲೋ ಒಬ್ಬ ಮಾತ್ರ ಮೊಣಕಾಲು ಅಗಲಿಸಿ ಕಿಟಕಿಯ ಹೊರಗೆ ನೋಡುತ್ತ ಕುಳಿತಿರುತ್ತಾನೆ. "ಸ್ವಲ್ಪ ಸರಿಯಿರಿ" ಎಂದರೆ ಕೇಳಿಸುವುದಿಲ್ಲ. ಅವನು ಚೆಲುವನೇನೂ ಅಲ್ಲ, ಕನ್ನಡಿ ನೋಡಿ ಎಷ್ಟು ದಿನವಾಯಿತೋ! ಆದರೆ ನಾವು ಮಾತಾಡುತ್ತಿರುವ ಸ್ವಭಾವ ಅಲ್ಲಿ ಕುಳಿತಿರುತ್ತದೆ.

ನಮ್ಮ ನಾಡಿನವರು ಮನಶ್ಶಾಸ್ತ್ರ ಹುಟ್ಟುವುದಕ್ಕೆ ಬಹಳ ಮೊದಲೇ ಈ "ನನಗೆ ಸಲ್ಲತಕ್ಕದ್ದು" ಎಂಬುದನ್ನು ಗುರುತಿಸಿದ್ದರು. ಜೈನರು ಕ್ರೋಧ, ಮಾನ, ಮಾಯೆ, ಲೋಭ ಎಂದು ನಾಲ್ಕು ಕಷಾಯಗಳನ್ನು ಎಣಿಸುತ್ತಾರೆ. ಅವುಗಳಲ್ಲಿ ಮಾನವೆಂದರೆ ಇದೇ. ಶ್ರವಣಬೆಳಗೊಳದಲ್ಲಿ ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಐತಿಹ್ಯವನ್ನು ತಾವೆಲ್ಲ ಕೇಳಿಯೇ ಇದ್ದೀರಿ. ಇಂಥ ಮೂರ್ತಿಯನ್ನು ಮಾಡಿಸಿದವನು ನಾನು ಎಂಬ ಹೆಮ್ಮೆ ಮನಸ್ಸಿನಲ್ಲಿ ಮೂಡಿತಂತೆ. ಕೊಡ ಕೊಡ ಹಾಲು ಸುರಿಸಿದರೂ ಅಭಿಷೇಕ ಮೂರ್ತಿಯ ಪಾದಕ್ಕೆ ಇಳಿಯಲಿಲ್ಲ. ಗುಂಪಿನ ಅಂಚಿನಲ್ಲಿ ಒಬ್ಬ ಮುದುಕಿ ಗುಳ್ಳಕಾಯಿಯ ಸಿಪ್ಪೆಯಲ್ಲಿ ಒಂದಿಷ್ಟು ಹಾಲು ಹಿಡಿದು ನಿಂತಿದ್ದಳು. ಆ ಹಾಲು ನೆತ್ತಿಯಿಂದ ಅಡಿಯವರೆಗೆ ಹರಿದು ಬೆಟ್ಟದ ಮೇಲೂ ಹರಿಯಿತು. ಮುದುಕಿಯ ವೇಷದಲ್ಲಿ ಬಂದವಳು ಕೂಷ್ಮಾಂಡಿನಿ ದೇವಿ ಎಂದು ಸ್ಥಳದವರು ಹೇಳುತ್ತಾರೆ.

ಈ ಕಥೆ ದೇವಿಯ ಮಹಿಮೆಯಷ್ಟೇ ಆಗಿದ್ದರೆ ಇಲ್ಲಿ ತರುತ್ತಿರಲಿಲ್ಲ. ಚಾವುಂಡರಾಯ ಸಾಮಾನ್ಯನೇ? ಗಂಗರ ಮಂತ್ರಿ, ಸೇನಾಪತಿ, ಕನ್ನಡದಲ್ಲಿ ಗದ್ಯಗ್ರಂಥ ಬರೆದವನು. ಹೆಮ್ಮೆಪಡುವುದಕ್ಕೆ ಕಾರಣವಿದ್ದವನು. ಕಥೆ ಕಟ್ಟಿದ ಜನ ಅವನ ಸಾಧನೆಯನ್ನು ಅಲ್ಲಗಳೆಯಲಿಲ್ಲ. ಮೂರ್ತಿ ಇಂದಿಗೂ ಅವನದೇ. ಅವರು ತಡೆದದ್ದು, ಸಾಧನೆ ನನ್ನದಾದುದರಿಂದ ಮೊದಲ ಹಾಲೂ ನನ್ನದೇ ಆಗಬೇಕು ಎಂಬುದನ್ನು. ಗುಳ್ಳಕಾಯಜ್ಜಿಯ ಶಿಲೆ ಈಗಲೂ ಗೊಮ್ಮಟನಿಗೆ ಎದುರಾಗಿ ಕೈಯಲ್ಲಿ ಬಟ್ಟಲು ಹಿಡಿದು ನಿಂತಿದೆ. ಮುಂದಿನ ಸಲ ಊರಿಗೆ ಹೋದಾಗ ಮಕ್ಕಳಿಗೆ ಗೊಮ್ಮಟನನ್ನು ತೋರಿಸಿ, ತಿರುಗಿನಿಂತು ಈ ಅಜ್ಜಿಯನ್ನೂ ತೋರಿಸಿರಿ. ಬಹಳ ಮಂದಿ ಫೋಟೋ ತೆಗೆಯುವ ಭರದಲ್ಲಿ ಅವಳಿಗೆ ಬೆನ್ನು ಮಾಡಿ ಬರುತ್ತಾರೆ.

ಇನ್ನು ವಯಸ್ಸು. ಇದರಲ್ಲಿ ಸುದ್ದಿ ಒಳ್ಳೆಯದಿದೆ. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾನಿಲಯದ ಉಲ್ರಿಚ್ ಓರ್ತ್ ಮತ್ತು ಸಂಗಡಿಗರು 2024ರಲ್ಲಿ ಪ್ರಕಟಿಸಿದ ಬರೆಹದಲ್ಲಿ, ಅವೇ ಜನರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸಿದ 51 ಅಧ್ಯಯನಗಳನ್ನು ಕೂಡಿಸಿದ್ದಾರೆ. ಒಟ್ಟು 37,247 ಜನ. 8 ವರ್ಷದ ಮಕ್ಕಳಿಂದ 77 ವರ್ಷದ ವೃದ್ಧರವರೆಗೆ. ಮೆರೆಯುವುದು, ಇತರರನ್ನು ತುಳಿಯುವುದು, ಒಳಗೇ ನೋಯುವುದು ಎಲ್ಲವೂ ವಯಸ್ಸಿನೊಡನೆ ಮೆಲ್ಲಮೆಲ್ಲನೆ ಇಳಿಯುತ್ತವೆ. ಗಂಡಿನಲ್ಲೂ ಇಳಿಯುತ್ತದೆ, ಹೆಣ್ಣಿನಲ್ಲೂ ಇಳಿಯುತ್ತದೆ. ಓವಿಡ್ ತನ್ನ ಚೆಲುವನಿಗೆ 16 ವರ್ಷವೆಂದು ಬರೆದದ್ದು ಸುಮ್ಮನೆ ಇರಲಾರದು.

ಇಳಿಯುವುದು ಏಕೆ? ಉದ್ಯೋಗ, ಮದುವೆ, ಮಕ್ಕಳು, ಈ ಮೂರು ಉಳಿಗಳು ಮನುಷ್ಯನನ್ನು ಕೆತ್ತುತ್ತವೆ ಎಂದು ವಿದ್ವಾಂಸರ ಅಭಿಪ್ರಾಯ. ಕಾಲೇಜಿನಲ್ಲಿ ಸಿಂಹವಾಗಿದ್ದವನ ಕಾಗದವನ್ನು ಆಫೀಸಿನಲ್ಲಿ ಮೇಲಿನವರು ಕೆಂಪುಮಸಿಯಲ್ಲಿ ತಿದ್ದಿ ಮೂರು ಸಲ ಹಿಂದಕ್ಕೆ ಕಳಿಸುತ್ತಾರೆ. ರಾತ್ರಿ ಎರಡು ಗಂಟೆಗೆ ಅಳುವ ಕೂಸಿಗೆ ತಂದೆಯ ಹುದ್ದೆ ಏನೆಂಬುದು ಗೊತ್ತಿರುವುದಿಲ್ಲ. ಮುಂಬಯಿಗೆ ಬಂದ ಹೊಸದರಲ್ಲಿ ಒಂದು ಖೋಲಿಯಲ್ಲಿ ಆರೇಳು ಜನ ಸಾಲಾಗಿ ಮಲಗಿದ ನಮ್ಮ ಹಿರಿಯರಿಗೆ ಈ ಶಿಕ್ಷಣ ಬೇಗನೆ ದೊರೆತಿತ್ತು.

ಗಾದೆಗಳು ಈ ಬದಲಾವಣೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಉತ್ತರನ ಪೌರುಷ ಒಲೆಯ ಮುಂದೆ ಎಂದು ನಾವೆಲ್ಲ ಆಡುತ್ತೇವೆ. ಅಂತಃಪುರದ ಹೆಂಗಸರ ಮುಂದೆ ಕೊಚ್ಚಿಕೊಂಡು, ಕೌರವರ ಸೇನೆ ಕಂಡೊಡನೆ ರಥದಿಂದ ಹಾರಿ ಓಡಿದ ಆ ರಾಜಕುಮಾರನನ್ನು ಅಲ್ಲಿಯೇ ನಿಲ್ಲಿಸಿಬಿಟ್ಟಿದ್ದೇವೆ. ಭಾರತದ ಕಥೆ ಮಾತ್ರ ಮುಂದಕ್ಕೆ ಹೋಗುತ್ತದೆ. ಅದೇ ದಿನ ಅವನು ಬೃಹನ್ನಳೆಯ ಮಾತು ಕೇಳಿ ಸಾರಥಿಯಾಗಿ ಕುಳಿತ. ಮುಂದೆ ಕುರುಕ್ಷೇತ್ರದಲ್ಲಿ ಮೊದಲ ದಿನವೇ ಶಲ್ಯನನ್ನು ಎದುರಿಸಿ ರಣದಲ್ಲಿ ಬಿದ್ದ. ಹದಿಹರೆಯದ ಬಡಾಯಿಯನ್ನು ಜೀವಮಾನದ ತೀರ್ಪಾಗಿ ಬರೆಯುವುದು ನಮ್ಮ ನಾಲಗೆಯ ಅಭ್ಯಾಸ.

ಒಳ್ಳೆಯ ಸುದ್ದಿಗೆ ಒಂದು ಬಾಲವಿದೆ. ಓರ್ತ್ ಅವರ ಲೆಕ್ಕದಲ್ಲಿ ಎಲ್ಲರದೂ ಇಳಿದರೂ ಸಾಲಿನ ಕ್ರಮ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಶಾಲೆಯ ಪ್ರಾರ್ಥನೆಯಲ್ಲಿ ಎತ್ತರದ ಪ್ರಕಾರ ನಿಲ್ಲಿಸಿದ ಹುಡುಗರೆಲ್ಲ ಬೆಳೆಯುತ್ತಾರಾದರೂ ಉದ್ದನೆಯವನು ಉದ್ದನೆಯವನಾಗಿಯೇ ಕೊನೆಯಲ್ಲಿ ಉಳಿಯುತ್ತಾನಲ್ಲ, ಹಾಗೆ. ಓರಗೆಯವರಿಗಿಂತ ಎದ್ದು ಕಾಣುವಷ್ಟು ಸ್ವಮೋಹವಿದ್ದ ಹುಡುಗ ನಡುವಯಸ್ಸಿನಲ್ಲೂ ಓರಗೆಯವರಿಗಿಂತ ಹೆಚ್ಚಿನವನೇ ಆಗಿರುವುದು ಸಾಮಾನ್ಯ. "ಮದುವೆ ಮಾಡಿದರೆ ಸರಿಹೋಗುತ್ತಾನೆ" ಎಂದು ಬೇರೆ ಮನೆಯ ಹೆಣ್ಣಿನ ಕೊರಳಿಗೆ ಕಟ್ಟುವ ಮುನ್ನ ಈ ಮಾತನ್ನು ನೆನೆಯುವುದು ಮೇಲು.

ಹಿರಿಯರ ಪರವಾಗಿಯೂ ಒಂದು ಮಾತು ಹೇಳಬೇಕಾಗಿದೆ. ಫೋರ್ಟಿನ ಹೋಟೆಲುಗಳಲ್ಲಿ ಹಗಲೆಲ್ಲ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿ ಮೆಟ್ರಿಕ್ ಮುಗಿಸಿದವರು ನಮ್ಮಲ್ಲಿ ಎಷ್ಟೋ ಮಂದಿ. ಅವರು ಆ ಕಥೆಯನ್ನು ನೂರನೆಯ ಸಲ ಹೇಳುವಾಗ ಮೊಮ್ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಅದು ಸ್ವಮೋಹವೇ? ನಮಗೆ ಹಾಗೆ ತೋರುವುದಿಲ್ಲ. ಪರೀಕ್ಷಿಸಲು ಸುಲಭವಾದ ಉಪಾಯವಿದೆ. ಕಥೆ ಮುಗಿದ ಮೇಲೆ ಅಜ್ಜ "ನಿನ್ನ ಪರೀಕ್ಷೆ ಹೇಗಾಯ್ತು, ಮಗಾ?" ಎಂದು ಕೇಳಿ ಉತ್ತರಕ್ಕೆ ಕಿವಿಗೊಡುತ್ತಾರೆಯೇ ನೋಡಿರಿ. ಕೇಳಿಸಿಕೊಳ್ಳುವ ಮುದುಕ ನೆನಪು ಹೇಳುತ್ತಿದ್ದಾನೆ, ಅಷ್ಟೇ.

"ಈಗಿನ ಹುಡುಗರು ಹಿಂದಿನವರಿಗಿಂತ ಸ್ವಮೋಹಿಗಳು" ಎಂಬ ದೂರೂ ಇದೆ. 2008ರಲ್ಲಿ ಅಮೆರಿಕದ ಜೀನ್ ಟ್ವೆಂಗಿ ಮುಂತಾದವರು ಅಲ್ಲಿನ ಕಾಲೇಜು ವಿದ್ಯಾರ್ಥಿಗಳಲ್ಲಿ ಇದು ಏರುತ್ತಿದೆಯೆಂದು ಬರೆದು ದೊಡ್ಡ ಗುಲ್ಲೆಬ್ಬಿಸಿದರು. ಇತರರು ಆಗಲೇ ಒಪ್ಪಲಿಲ್ಲ. 2017ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ 1990ರ ದಶಕದಿಂದ ಈಚೆಗೆ ಸ್ವಲ್ಪ ಇಳಿದದ್ದೇ ಕಂಡಿತು. ಹುಡುಗರ ಕೈಯಲ್ಲಿ ಈಗ ಸೆಲ್ಫಿ ತೆಗೆಯುವ ಫೋನು ಇದೆ. ನಮ್ಮ ಕಾಲದಲ್ಲಿ ಸ್ಟುಡಿಯೋದವನಿಗೆ ದುಡ್ಡು ಕೊಡಬೇಕಾಗಿತ್ತು. ವ್ಯತ್ಯಾಸದ ಬಹುಭಾಗ ಇಷ್ಟೇ ಎಂದು ನಮ್ಮ ಗುಮಾನಿ.

ಕೊನೆಗೆ ಉಳಿಯುವುದು ಮಕ್ಕಳ ವಿಚಾರ. ಊರು ಬಿಟ್ಟು ಬಂದ ನಮಗೆ ಎಲ್ಲಕ್ಕಿಂತ ಹತ್ತಿರದ ವಿಚಾರವೂ ಅದೇ. ಎಡ್ಡಿ ಬ್ರಮ್ಮೆಲ್‌ಮನ್ ಮತ್ತು ಸಂಗಡಿಗರು ಹಾಲೆಂಡಿನಲ್ಲಿ 7ರಿಂದ 12 ವರ್ಷದ 565 ಮಕ್ಕಳನ್ನೂ ಅವರ ತಂದೆತಾಯಿಗಳನ್ನೂ ಆರಾರು ತಿಂಗಳಿಗೊಮ್ಮೆ ನಾಲ್ಕು ಸಲ ವಿಚಾರಿಸಿ 2015ರಲ್ಲಿ ಒಂದು ಬೆಲೆಯುಳ್ಳ ಸಂಗತಿಯನ್ನು ಪ್ರಕಟಿಸಿದರು. "ನನ್ನ ಮಗು ಬೇರೆ ಮಕ್ಕಳಿಗಿಂತ ವಿಶೇಷ, ಅದಕ್ಕೆ ಹೆಚ್ಚಿನದು ಸಲ್ಲಬೇಕು" ಎಂದು ನಂಬುವ ತಂದೆತಾಯಿಗಳ ಮಕ್ಕಳಲ್ಲಿ ಮುಂದೆ ಸ್ವಮೋಹ ಹೆಚ್ಚಾಯಿತು. ಪ್ರೀತಿಯನ್ನು ಬಾಯಿಬಿಟ್ಟು ತೋರಿಸುವ ತಂದೆತಾಯಿಗಳ ಮಕ್ಕಳಲ್ಲಿ ಹೆಚ್ಚಾದದ್ದು ಸ್ವಾಭಿಮಾನ. ಎರಡೂ ಬೇರೆ ಬೇರೆ ಗಿಡಗಳು, ಬೇರೆ ಬೇರೆ ನೀರು. ಸ್ವಾಭಿಮಾನವುಳ್ಳ ಮಗು "ನಾನು ಚೆನ್ನಾಗಿದ್ದೇನೆ" ಎನ್ನುತ್ತದೆ. ಸ್ವಮೋಹದ ಮಗು "ನಾನು ಅವನಿಗಿಂತ ಚೆನ್ನಾಗಿದ್ದೇನೆ" ಎನ್ನುತ್ತದೆ. ಎರಡನೆಯ ಮಗುವಿಗೆ ನಿದ್ದೆ ಕಡಮೆ, ಏಕೆಂದರೆ "ಅವನು" ಯಾವಾಗ ಮುಂದೆ ಹೋದಾನೋ ಎಂದು ಸದಾ ಕಾಯಬೇಕು.

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಗುತ್ತ ಹೇಳುವ ನಾಡು ನಮ್ಮದು. ಊರಿನ ಮನೆಯಲ್ಲಿ ಆ ಹೆಗ್ಗಣವನ್ನು ತಕ್ಕಡಿಗೆ ಹಾಕುವವರು ಹತ್ತು ಮಂದಿ ಇದ್ದರು. ತಾಯಿ ಮುದ್ದಿಸಿದರೆ ಚಿಕ್ಕಪ್ಪ ಕಿವಿ ಹಿಂಡುತ್ತಿದ್ದ, ದೊಡ್ಡಮ್ಮನ ಮಕ್ಕಳು ಗೇಲಿ ಮಾಡುತ್ತಿದ್ದರು, ಅಜ್ಜಿ ಹಪ್ಪಳವನ್ನು ಎಣಿಸಿ ಎಲ್ಲರಿಗೂ ಸಮನಾಗಿ ಹಂಚುತ್ತಿದ್ದಳು. ಡೊಂಬಿವಿಲಿಯ ಎರಡು ಕೋಣೆಯ ಫ್ಲಾಟಿನಲ್ಲಿ ಒಂದೇ ಮಗು, ಇಬ್ಬರು ದೊಡ್ಡವರು. ಅವರೂ ಬೆಳಗಿನ ಗಾಡಿ ಹಿಡಿದು ರಾತ್ರಿ ಎಂಟಕ್ಕೆ ಬರುವವರು. ದಿನವೆಲ್ಲ ಬಿಟ್ಟಿದ್ದೇವಲ್ಲ ಎಂಬ ಸಂಕಟದಲ್ಲಿ ಉಳಿದ ಎರಡು ಗಂಟೆಯನ್ನು ಹೊಗಳಿಕೆಯಿಂದಲೂ ಆಟಿಕೆಯಿಂದಲೂ ತುಂಬುತ್ತಾರೆ. ಅವರನ್ನು ದೂರುವ ಮನಸ್ಸು ನಮಗಿಲ್ಲ. ಆದರೆ ಮಗುವಿಗೆ ಬೇಕಾದದ್ದು ಆ ಎರಡು ಗಂಟೆಯಲ್ಲಿ ಹತ್ತು ನಿಮಿಷ ಮಡಿಲು. "ನಿನ್ನಂಥವರು ಈ ಬಿಲ್ಡಿಂಗಿನಲ್ಲೇ ಇಲ್ಲ" ಎಂಬ ಪ್ರಶಸ್ತಿಪತ್ರವಲ್ಲ.

ನಮ್ಮ ಸಂಘದ ವೇದಿಕೆಗೂ ಇದರಲ್ಲಿ ಪಾಲಿದೆ. ರಾಜ್ಯೋತ್ಸವದ ದಿನ ಮಕ್ಕಳ ಕಾರ್ಯಕ್ರಮ ಸಂಜೆ ಐದಕ್ಕೆ ಆರಂಭವಾದರೆ ಸಭಾಂಗಣ ಕಿಕ್ಕಿರಿದಿರುತ್ತದೆ. ಮೊದಲ ನೃತ್ಯ ಮುಗಿಯುತ್ತದೆ. ಆ ಮಗುವಿನ ತಂದೆತಾಯಿ, ಮಾವ, ಅತ್ತೆ, ನೆರೆಮನೆಯವರು ಎದ್ದು ಹೊರಗೆ ಹೋಗುತ್ತಾರೆ. ಎರಡನೆಯದು ಮುಗಿಯುತ್ತದೆ, ಇನ್ನೊಂದು ಸಾಲು ಖಾಲಿ. ಪ್ರತಿಯೊಬ್ಬರ ಕೈಯಲ್ಲೂ ಫೋನು ಎದ್ದು ನಿಲ್ಲುವುದು ತಮ್ಮ ಮಗು ಬಂದಾಗ ಮಾತ್ರ. ಎಂಟೂವರೆಗೆ ಕೊನೆಯ ಹುಡುಗಿ, ಕನ್ನಡವನ್ನು ಶಾಲೆಯಲ್ಲಿ ಕಲಿಯುವ ಭಾಗ್ಯವಿಲ್ಲದೆ ತಾಯಿಯಿಂದ ಅಕ್ಷರ ಅಕ್ಷರವಾಗಿ ಕಲಿತ ಹಾಡನ್ನು, ಧ್ವನಿವರ್ಧಕದವನಿಗೂ ಕುರ್ಚಿಗಳಿಗೂ ಹಾಡುತ್ತಾಳೆ. ಮೊದಲು ಕುಣಿದು ಹೊರಟುಹೋದ ಮಗು ಏನು ಕಲಿಯಿತು? ತಾನು ನೋಡಿಸಿಕೊಳ್ಳಲು ಹುಟ್ಟಿದವಳು, ನೋಡುವುದಕ್ಕಲ್ಲ ಎಂದು. ಹೇಳಿಕೊಟ್ಟವರು ಯಾರೂ ಕೆಟ್ಟವರಲ್ಲ. ಬೇಗ ಮನೆ ಸೇರಬೇಕಾಗಿತ್ತು, ಅಷ್ಟೆ. ಬರುವ ವರ್ಷದಿಂದ ಬಹುಮಾನ ವಿತರಣೆಯನ್ನು ಕೊನೆಗಿಟ್ಟು, ಚೀಟಿ ಎತ್ತಿ ಕಾರ್ಯಕ್ರಮದ ಕ್ರಮವನ್ನು ನಿಶ್ಚಯಿಸಬೇಕೆಂದು ಕಾರ್ಯಕಾರಿ ಸಮಿತಿಗೆ ನಮ್ಮ ಸೂಚನೆ.

ಎಕೋಳನ್ನು ಮರೆತೆವೆಂದು ತಿಳಿಯಬೇಡಿ. ಸ್ವಮೋಹ ವಿಪರೀತವಾದವರ ಜತೆ ಬಹುಕಾಲ ಬಾಳಿದವರು ಅವಳಂತೆ ತಮ್ಮ ಮಾತನ್ನೇ ಕಳೆದುಕೊಂಡು, ಅವರು ಹೇಳಿದ್ದರ ಕೊನೆಯ ಪದವನ್ನು ಒಪ್ಪಿಕೊಳ್ಳುತ್ತ ಉಳಿದುಬಿಡುತ್ತಾರೆ. ಅಂಥವರು ಈ ಸಭೆಯಲ್ಲೂ ಒಬ್ಬಿಬ್ಬರು ಇರಬಹುದು. ರೋಗವೋ ಸ್ವಭಾವವೋ ಎಂದು ನಿರ್ಣಯಿಸುವುದು ತಜ್ಞ ವೈದ್ಯರ ಕೆಲಸ. ಮನೆಯಲ್ಲಿ ಯಾರೂ ಆ ಪೀಠವನ್ನು ಏರುವುದು ಬೇಡ. ಆದರೆ ಸಂಕಟಪಡುವವರು ತಮ್ಮ ಸಂಕಟವನ್ನು ಹೇಳಿಕೊಳ್ಳಲು ಯಾರ ನಿರ್ಣಯಕ್ಕೂ ಕಾಯಬೇಕಾಗಿಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ 'ಟೆಲಿ ಮಾನಸ್' ಎಂಬ ದೂರವಾಣಿ ಸೇವೆ ಇದೆ. ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಇದರ ಮೇಲ್ವಿಚಾರಣೆಯ ಮುಖ್ಯ ಕೇಂದ್ರ, ಕನ್ನಡದಲ್ಲಿಯೂ ಮಾತಾಡಬಹುದು. ಹಿಂದಿ ಮರಾಠಿಗಳಲ್ಲಿ ವ್ಯಾಪಾರ ವ್ಯವಹಾರ ಎಲ್ಲವನ್ನೂ ನಡೆಸುವ ನಮ್ಮ ಹೆಣ್ಣುಮಕ್ಕಳಿಗೂ ಇಂಥ ಮಾತನ್ನು ತಾಯ್ನುಡಿಯಲ್ಲಿ ಆಡುವುದು ಹಗುರ.

ನಮಗೆ ಕೊಟ್ಟ ಅರ್ಧ ಗಂಟೆ ಮುಗಿದು ಆಗಲೇ ಹತ್ತು ನಿಮಿಷವಾಯಿತು. ಅಧ್ಯಕ್ಷರು ಎರಡು ಸಲ ಗಡಿಯಾರ ನೋಡಿದರು. ಪರದೆಯ ಹಿಂದೆ ಗೆಜ್ಜೆ ಕಟ್ಟಿಕೊಂಡ ಮಕ್ಕಳು ಕಾಯುತ್ತಿದ್ದಾರೆ. ಒಟ್ಟು 14 ಕಾರ್ಯಕ್ರಮಗಳಿವೆಯಂತೆ. ನಾವು ಹದಿನಾಲ್ಕನೆಯದು ಮುಗಿಯುವವರೆಗೂ ಎರಡನೆಯ ಸಾಲಿನಲ್ಲಿ ಕುಳಿತಿರುತ್ತೇವೆ, ಪಕ್ಕದಲ್ಲಿ ಜಾಗವಿದೆ.